ಬ್ರೆಡ್ ಗಾಡಿಗೆ ರೇಡಿಯೋ ಕೂರಿಸಿದ್ದು

ನಮ್ಮ ಕಡೆ ಫೋನು ಮಾಡುವುದು ಸುಲಭ, ಇಡುವುದು ಕಷ್ಟ. ನಂಬಿಕೆ ಬಾರದಿದ್ದರೆ ಸಿರ್ಸಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಫೋನು ಹಿಡಿದ ಯಾರದಾದರೂ ಪಕ್ಕದಲ್ಲಿ ಕೂತು ನೋಡಿ. ಹೇಳಬೇಕಾದ ವಿಷಯ ಬಸ್‌ಸ್ಟ್ಯಾಂಡಿನಲ್ಲೇ ಮುಗಿದಿರುತ್ತದೆ. ಉಳಿದ ದಾರಿಯೆಲ್ಲ ಸಮಾರೋಪ ಸಮಾರಂಭ. "ಇಡ್ತೆ ಹಂಗಾರೆ" ಎಂದು ಇವರು. "ಅಡ್ಡಿಲ್ಲೆ, ಇಡು" ಎಂದು ಅವರು. ಇಬ್ಬರೂ ಇಡುವುದಿಲ್ಲ. "ಮತ್ತೆಂತ ಇದ್ದು?" "ಮತ್ತೆಂತ ಇಲ್ಲೆ." "ಹಂಗಾರೆ ಇಡ್ಲಾ?" "ಇಡು." ಮತ್ತೆ ಒಂದು ಉಸಿರಿನಷ್ಟು ಮೌನ. "ಇಟ್ಯನ?" "ಇಲ್ಲೆ, ನೀ ಇಡ್ತೆ ಹೇಳಿ ಕಾಯ್ತಾ ಇದ್ದಿದ್ದಿ." ಒಮ್ಮೆ ತ್ಯಾಗಲಿಯ ನನ್ನ ಅತ್ತೆ "ಇಡ್ತೆ" ಅಂದ ಮೇಲೆ ನಾನು ಫೋನನ್ನು ಕಿಟಕಿಯ ಮೇಲಿಟ್ಟು, ಹಲ್ಲುಜ್ಜಿ, ಮುಖ ತೊಳೆದು, ಎರಡು ದೋಸೆ ತಿಂದು ಬಂದು ಕಿವಿಗೆ ಹಿಡಿದರೆ, ಅತ್ತೆ ಆಗಷ್ಟೇ "ಹಂಗಾರೆ ಅಡ್ಡಿಲ್ಲೆ" ಎನ್ನುವಲ್ಲಿಗೆ ತಲುಪಿದ್ದಳು. ಎರಡನೆಯ ದೋಸೆ ನಾನು ಸೇರಿಸಿದ್ದು. ಮೊದಲನೆಯದು ನಿಜ.

ಮದುವೆಮನೆಯ ಪಂಕ್ತಿಯಲ್ಲಿ ಈ ಸಂಭಾಷಣೆಯನ್ನು ಎರಡೂ ದನಿಯಲ್ಲಿ ಮಾಡಿ ತೋರಿಸಿ, ಎದುರಿಗೆ ಕೂತವರ ಮೂಗಿಗೆ ಸಾರು ಹತ್ತಿಸುವುದು ನನ್ನ ಕೀರ್ತಿಯ ಏಕೈಕ ಆಧಾರವಾಗಿತ್ತು. ಆ ಅಣಕವನ್ನು ನಾನು ಈಗ ಮಾಡುತ್ತಿಲ್ಲ. ಬಿಟ್ಟದ್ದು ಯಾಕೆಂದರೆ, ನಡುವೆ ಒಂದು ಬ್ರೆಡ್ ಗಾಡಿ ಬಂತು.

ಗಾಡಿ ಇಮ್ತಿಯಾಜನದು. ನಾವಿಬ್ಬರೂ ಸಿರ್ಸಿಯ ಒಂದೇ ಶಾಲೆಯ ಒಂದೇ ಬೆಂಚಿನವರು. ನಾನು ಅವನ ಗಣಿತ ನೋಡಿ ಬರೆದೆ, ಅವನು ನನ್ನ ಕನ್ನಡ ನೋಡಿ ಬರೆದ, ಹಾಗಾಗಿ ಇಬ್ಬರೂ ಎರಡರಲ್ಲೂ ಸಮಾನವಾಗಿ ಕಡಿಮೆ ಅಂಕ ಪಡೆದೆವು. ಅವರದು ಬೇಕರಿಯ ಮನೆ. ಅಜ್ಜನ ಕಾಲದಿಂದ ಬ್ರೆಡ್ಡು, ಟೋಸ್ಟು, ಖಾರಿ. ಅಪ್ಪನ ಕೈಯಿಂದ ವ್ಯವಹಾರ ಮಗನ ಕೈಗೆ ಬಂದಾಗ ಮಗ ಮಾಡಿದ ಮೊದಲ ಕೆಲಸವೆಂದರೆ ಒಂದು ಎಲೆಕ್ಟ್ರಿಕ್ ಪಿಕಪ್ ತಂದದ್ದು. ಎರಡನೆಯದು ಅದರಲ್ಲಿ ಬ್ರೆಡ್ಡು ತುಂಬಿಕೊಂಡು ಅರಬೈಲ್ ಘಟ್ಟ ಇಳಿದದ್ದು. ಬೆಳಿಗ್ಗೆ ಸಿರ್ಸಿ ಬಿಟ್ಟು, ಯಲ್ಲಾಪುರದಲ್ಲಿ ಖಾಲಾನ, ಅಂದರೆ ಚಿಕ್ಕಮ್ಮನ, ಮನೆಯ ಅಂಗಳದಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕಿ, ತಾನೂ ಚಹಾ ಕುಡಿದು ಚಾರ್ಜಾಗಿ, ಅಲ್ಲಿಂದ ಘಟ್ಟ ಇಳಿದು ಕೆಳಗಿನ ಅಂಗಡಿಗಳಿಗೆ ಬ್ರೆಡ್ಡು ಕೊಟ್ಟು ವಾಪಸು ಬರುವುದು. ಗಾಡಿ ಎಷ್ಟು ನಿಶ್ಶಬ್ದವೆಂದರೆ, ಅಂಗಡಿಯೆದುರು ಬಂದು ನಿಂತರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇಮ್ತಿಯಾಜನೇ ಇಳಿದು ಹಳೆಯ ಗಾಡಿಯ ಸದ್ದನ್ನು ಬಾಯಲ್ಲಿ ಮಾಡಬೇಕಿತ್ತು. ಆದರೂ ಆ ದಾರಿ ಅವನ ಸ್ವಂತದ್ದು. ಅಜ್ಜನಾಗಲಿ ಅಪ್ಪನಾಗಲಿ ಹೋಗದ ದಾರಿ. ಅದರ ಬಗ್ಗೆ ಹೇಳುವಾಗ ಅವನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು.

ತೊಂದರೆಯೆಂದರೆ, ಅವನು ಹೋಗುವ ತಿರುವುಗಳಲ್ಲಿ ಮೊಬೈಲಿಗೆ ಸಿಗ್ನಲ್ಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಘಟ್ಟದ ರಸ್ತೆಗೆ ದೊಡ್ಡ ಮರ ಬಿದ್ದು, ಮರದ ಹಿಂದೆಯೇ ಅರ್ಧ ಗುಡ್ಡ ಬಂದು, ಬೆಳಗಿನಿಂದ ಸಂಜೆಯವರೆಗೆ ದಾರಿ ಬಂದಾಯಿತು. ಇಮ್ತಿಯಾಜ ಸುರಕ್ಷಿತವಾಗಿಯೇ ಇದ್ದ. ಸಿಕ್ಕಿಬಿದ್ದ ಬಸ್ಸಿನವರಿಗೆಲ್ಲ ಬ್ರೆಡ್ಡು ಹಂಚಿ, ಅಂತ್ಯಾಕ್ಷರಿ ಆಡುತ್ತ ಕೂತಿದ್ದ. ಇತ್ತ ಸಿರ್ಸಿಯಲ್ಲಿ ಅವನ ತಾಯಿ, ನಾನೂ ಅಮ್ಮಿ ಎಂದೇ ಕರೆಯುವ ಅಮ್ಮಿ, ಬೇಕರಿಯ ಮೆಟ್ಟಿಲ ಮೇಲೆ ಕೂತು ಇಡೀ ದಿನ ಫೋನು ಒತ್ತುತ್ತಲೇ ಇದ್ದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೇಳುವ ಆ ಧ್ವನಿಮುದ್ರಿತ ಹೆಂಗಸಿಗೆ ಮೊದಲು ಬೇಡಿಕೊಂಡರು, ಆಮೇಲೆ ಬೈದರು, ಕೊನೆಗೆ ಅವಳೊಬ್ಬಳಾದರೂ ಮಾತಾಡುತ್ತಾಳಲ್ಲ ಎಂದು ಸುಮ್ಮನೆ ಕೇಳುತ್ತ ಕೂತರು. ನಾನು ಪಕ್ಕದಲ್ಲಿದ್ದೆ. ಜೋಕು ಹೇಳಲು ಬಾಯಿ ತೆರೆದು ಮುಚ್ಚಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಮಗ ಬಂದ ಮೇಲೆ ಅಮ್ಮಿ ಅಳಲಿಲ್ಲ, ಬೈಯಲಿಲ್ಲ, ಹುಕುಂ ಹೊರಡಿಸಿದರು. "ನಾಳೆಯಿಂದ ಅರಬೈಲ್ ಬಂದ್. ಸಿರ್ಸಿ ಸಣ್ಣ ಊರೇನು? ಇಲ್ಲೇ ತಿರುಗು, ಇಲ್ಲೇ ಮಾರು." ಇಮ್ತಿಯಾಜ ಎದುರಾಡಲಿಲ್ಲ. ಮಳೆಗಾಲ ಕಳೆಯುವವರೆಗೂ ಊರೊಳಗೇ ತಿರುಗಿದ. ಕುತ್ತಿಗೆ ಮೊದಲಿನ ಅಳತೆಗೆ ಇಳಿಯಿತು. ಅದನ್ನು ನೋಡಲಾರದೆ ನಾನು ಒಂದು ಉಪಾಯ ಹೇಳಿದೆ. ನನ್ನ ಉಪಾಯಗಳಿಂದ ಆದ ಅನಾಹುತಗಳ ಇತಿಹಾಸ ಗೊತ್ತಿದ್ದೂ ಅವನು ಒಪ್ಪಿದನೆಂದರೆ, ಅವನ ದುಃಖದ ಆಳ ನೀವೇ ಊಹಿಸಿ.

ಉಪಾಯ ಇದು: ಗಾಡಿಗೆ ಹ್ಯಾಮ್ ರೇಡಿಯೋ ಕೂರಿಸುವುದು. ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೋ. ಪರೀಕ್ಷೆ ಬರೆದು, ಸರಕಾರದ ಪರವಾನಗಿ ಪಡೆದು, ಸ್ವಂತ ಯಂತ್ರದಿಂದ ಊರೂರಿನವರ ಜೊತೆ ಮಾತಾಡುವ ಒಂದು ನಿರುಪದ್ರವಿ ಹುಚ್ಚು. ಈ ಹುಚ್ಚನ್ನು ನಮಗೆ ಹಿಡಿಸಿದ್ದು ಶ್ರೀಪಾದ ಭಾವ. ದೂರದ ಸಂಬಂಧದಲ್ಲಿ ನನಗೆ ಭಾವ, ಹತ್ತಿರದ ಸಂಬಂಧದಲ್ಲಿ ಹೈಸ್ಕೂಲಿನ ನಿವೃತ್ತ ವಿಜ್ಞಾನ ಮೇಷ್ಟ್ರು. ಸಿರ್ಸಿಯ ಅವರ ಮನೆಯ ಜಗುಲಿಯಲ್ಲಿ ಕೂತು ನಾನೂ ಇಮ್ತಿಯಾಜನೂ ಪರೀಕ್ಷೆಗೆ ಓದಿದ್ದೆವು. ಅವನು ಮೊದಲ ಸಲಕ್ಕೇ ಪಾಸಾದ. ನಾನು ಎರಡನೆಯ ಸಲಕ್ಕೆ. ವಿದ್ಯುತ್ತು ಹರಿಯುವ ವಸ್ತು ಯಾವುದು, ಹರಿಯದ ವಸ್ತು ಯಾವುದು ಎಂಬ ಪ್ರಶ್ನೆಗೆ ಮಾತ್ರ ಎರಡೂ ಸಲ ಪೂರ್ಣ ಅಂಕ ಬಂದಿತ್ತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹರಾಜಾಗುವಾಗ ಬೇಕಾಗುತ್ತದೆ.

ಮೊಬೈಲಿಗೆ ಗೋಪುರ ಬೇಕು. ಈ ರೇಡಿಯೋಕ್ಕೆ ಆಕಾಶ ಸಾಕು. ತಂತಿಯಿಂದ ಹೊರಟ ಅಲೆ ಮೇಲಕ್ಕೆ ಹೋಗಿ, ಆಕಾಶಕ್ಕೆ ಬಡಿದು, ಗುಡ್ಡಗಳನ್ನೆಲ್ಲ ದಾಟಿ ಸಿರ್ಸಿಯ ಭಾವನ ಮನೆಯ ಮೇಲೆ ಬೀಳುತ್ತದೆ. ಗಾಡಿಯಲ್ಲಿಡಲು ಬೇಕಾದ ಕಾಗದಪತ್ರವೂ ಆಯಿತು. ನಿಯಮ ಒಂದೇ, ಇದರಲ್ಲಿ ವ್ಯಾಪಾರದ ಮಾತು ಆಡುವ ಹಾಗಿಲ್ಲ. ಬ್ರೆಡ್ಡು ಬಿಟ್ಟು ಬೇರೆ ವಿಷಯ ಗೊತ್ತಿಲ್ಲದ ಇಮ್ತಿಯಾಜನಿಗೆ ಇದು ಪರೀಕ್ಷೆಗಿಂತ ಕಷ್ಟವಾಯಿತು. "ಹಾಗಾದ್ರೆ ಎಂತ ಮಾತಾಡೋದು ದೋಸ್ತ್?" ಎಂದು ಪ್ರಾಮಾಣಿಕವಾಗಿ ಕೇಳಿದ.

ಕೂರಿಸುವ ಹೊಣೆ ನನ್ನದು. ಎಲೆಕ್ಟ್ರಿಕ್ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಹೊಟ್ಟೆಯಡಿ ಗಾಡಿ ಓಡಿಸುವ ಮಹಾಬ್ಯಾಟರಿ. ಅದರ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮುಟ್ಟಿದವರು ಆಕಾಶಕ್ಕೆ ಬಡಿಯುವುದಿಲ್ಲ, ಸೀದಾ ಆಚೆಗೇ ಹೋಗುತ್ತಾರೆ. ಇನ್ನೊಂದು, ದೀಪ, ಹಾರ್ನ್‌ಗಳನ್ನು ನೋಡಿಕೊಳ್ಳುವ ಪುಟ್ಟ ಬ್ಯಾಟರಿ. ರೇಡಿಯೋಕ್ಕೆ ಈ ಪುಟ್ಟದು ಸಾಕು. ಸೀಟು ಬಿಚ್ಚಿದಾಗ ಒಂದು ಕಿತ್ತಳೆ ತಂತಿ ಕಂಡದ್ದೇ ನಾನು ಹಿಂದಕ್ಕೆ ಹಾರಿ ಟೋಸ್ಟಿನ ಡಬ್ಬದ ಮೇಲೆ ಕೂತೆ. ಅಂದು ಸಿರ್ಸಿಯಲ್ಲಿ ಮಾರಾಟವಾದ ರವೆಯಂಥ ಟೋಸ್ಟು ನನ್ನ ಕೊಡುಗೆ. ಆಮೇಲೆ ಪುಟ್ಟ ಬ್ಯಾಟರಿಯಿಂದ ತಂತಿ ಒಳಗೆಳೆಯಲು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ತೂತು ಕೊರೆದೆ. ತೂತಿನ ಆಚೆ ಗಾಜು ತೊಳೆಯುವ ನೀರಿನ ನಳಿಗೆ ಇದೆಯೆಂದು ಯಾರು ಕಂಡಿದ್ದರು? ಇಮ್ತಿಯಾಜ ವೈಪರ್ ಒತ್ತಿದ. ಹೊರಗಿನ ಗಾಜು ಒಣಗಿಯೇ ಇತ್ತು, ಅವನ ಅಂಗಿ ಸ್ವಚ್ಛವಾಯಿತು. ಅಮ್ಮಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, "ಬೇಟಾ, ಇದು ರೇಡಿಯೋನಾ, ಫವಾರಾನಾ?" ಎಂದು ಕೇಳಿದರು. ಫವಾರಾ ಎಂದರೆ ಕಾರಂಜಿ.

ರೇಡಿಯೋ ಹಾಕಿದೆವು. ಗಾಡಿ ಆನ್ ಮಾಡಿದ್ದೇ ರೇಡಿಯೋದೊಳಗೆ ಸಾವಿರ ಜೀರುಂಡೆ ಕೂಗತೊಡಗಿದವು. ಹೊರಗೆ ಅಷ್ಟು ನಿಶ್ಶಬ್ದವಾದ ಗಾಡಿ ತನ್ನ ಸದ್ದನ್ನೆಲ್ಲ ಒಳಗೊಳಗೇ ರೇಡಿಯೋದ ಕಿವಿಗೆ ಊದುತ್ತಿತ್ತು. ಮಹಾಬ್ಯಾಟರಿಯಿಂದ ಮೋಟಾರಿಗೆ ವಿದ್ಯುತ್ತು ಹಂಚುವ ಪೆಟ್ಟಿಗೆಯ ಗುಣವೇ ಅದಂತೆ. ತಂತಿಗಳಿಗೆಲ್ಲ ಕಪ್ಪು ಉಂಗುರಗಳನ್ನು ತೊಡಿಸಿದರೆ ಸದ್ದು ತಗ್ಗುತ್ತದೆ ಎಂದರು ಭಾವ. ತೊಡಿಸಿದೆವು. ಜೀರುಂಡೆಗಳು ಅರ್ಧಕ್ಕರ್ಧ ಸತ್ತವು. ಅಮ್ಮಿಗೆ ನನ್ನ ಇಡೀ ಕೆಲಸದಲ್ಲಿ ಮೆಚ್ಚುಗೆಯಾದದ್ದು ಆ ಉಂಗುರಗಳೊಂದೇ: "ತಾಯಿತ ಕಟ್ಟಿದ್ದು ಚಲೋ ಮಾಡಿದೆ." ಉಳಿದರ್ಧ ಜೀರುಂಡೆಗಳಿಗೆ ಒಂದೇ ಮದ್ದು, ಮಾತಾಡುವಾಗ ಗಾಡಿ ಆಫ್ ಮಾಡುವುದು. ಹಾಗೆ ಮಾಡಿ, ಬೇಕರಿಯೆದುರಿನ ತೆಂಗಿನ ಮರಕ್ಕೆ ತಂತಿ ಕಟ್ಟಿ ಪರೀಕ್ಷಿಸಿದರೆ, ಭಾವನ ದನಿ ಪಕ್ಕದಲ್ಲೇ ಕೂತ ಹಾಗೆ ಬಂತು. ಭಾವನ ಮನೆ ಎರಡು ಬೀದಿಯಾಚೆ ಇದ್ದದ್ದೂ ಅದಕ್ಕೊಂದು ಕಾರಣವಿರಬಹುದು.

ಅಮ್ಮಿ ಷರತ್ತು ಹಾಕಿದರು. "ನಾನು ಮಾಸ್ಟರ್ ಮನೇಲಿ ಕೂತಿರ್ತೀನಿ. ಅರಬೈಲಿಂದ ನನ್ನ ಮಗನ ದನಿ ಜೋಹರ್ ನಮಾಜಿಗೆ ಮುಂಚೆ ನನ್ನ ಕಿವಿಗೆ ಬೀಳ್ಬೇಕು. ಬಿದ್ರೆ ಹೋಗ್ಲಿ, ದಿನಾ ಹೋಗ್ಲಿ. ಬೀಳ್ದಿದ್ರೆ ಆ ಘಟ್ಟದ ಹೆಸರು ಎತ್ತೋ ಹಾಗಿಲ್ಲ." ನಮಾಜು ಒಂದೂವರೆಗೆ. ಒಂದೇ ಅವಕಾಶ. ಇಮ್ತಿಯಾಜ ನನ್ನ ಕಡೆ ನೋಡಿದ ನೋಟದಲ್ಲಿ ಶಾಲೆಯ ಗಣಿತ ಪರೀಕ್ಷೆಯ ನೆನಪಿತ್ತು, ಆದರೆ ಈ ಸಲ ನೋಡಿ ಬರೆಯುತ್ತಿದ್ದವನು ಅವನು.

ಘಟ್ಟದಲ್ಲಿ ತಂತಿ ಎತ್ತಿ ಹಿಡಿಯಲು ಕಂಬ ಬೇಕಲ್ಲ? ಇಲ್ಲಿ ನನ್ನ ಪ್ರತಿಭೆ ಪೂರ್ಣವಾಗಿ ಅರಳಿತು. ನಮ್ಮ ಕಡೆ ಅಡಿಕೆಗೊನೆ ಕೊಯ್ಯಲು ಈಗ ಮರ ಹತ್ತುವವರು ಕಡಿಮೆ. ನೆಲದಲ್ಲೇ ನಿಂತು, ಕೊಳವೆಯೊಳಗಿಂದ ಕೊಳವೆ ಎಳೆದು ಆಕಾಶದವರೆಗೆ ಬೆಳೆಸಬಹುದಾದ ಕಪ್ಪು ಕಾರ್ಬನ್ ದೋಟಿಯಿಂದ ಕೊಯ್ಯುತ್ತಾರೆ. ಹಗುರ, ಉದ್ದ, ಮಡಚಿದರೆ ಗಾಡಿಯಲ್ಲಿ ಹಿಡಿಸುತ್ತದೆ. ಅದಕ್ಕೇ ತಂತಿ ಸುತ್ತಿ ಎತ್ತಿದರೆ? ಜಗತ್ತಿನ ಯಾವ ಹ್ಯಾಮಿಗೂ ಹೊಳೆಯದ ಉಪಾಯ ಎಂದು ನಾನು ಬೀಗಿದೆ. ಯಾಕೆ ಹೊಳೆದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ದೋಟಿ ಇದ್ದದ್ದು ತ್ಯಾಗಲಿಯ ತಿಮ್ಮಣ್ಣನ ಬಳಿ. ತಿಮ್ಮಣ್ಣ ಕೊನೆಗೌಡ, ಕೊನೆ ಕೊಯ್ಯುವುದೇ ಅವನ ಕಸುಬು, ಅತ್ತೆಯ ತೋಟಕ್ಕೂ ಅವನೇ. ಕೇಳಿದ್ದಕ್ಕೆ ಎಲೆಯಡಿಕೆಯ ಕವಳವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, "ದೋಟಿ ಬಿಟ್ಟು ನಾ ಇಲ್ಲ, ನನ್ನ ಬಿಟ್ಟು ದೋಟಿ ಇಲ್ಲ ಭಟ್ರೇ. ನಾನೂ ಬರ್ತೆ" ಅಂದ.

ಹೀಗೆ ಇಬ್ಬರು ಕೂರುವ ಜಾಗದಲ್ಲಿ ಮೂವರು, ಹಿಂದೆ ಬ್ರೆಡ್ಡು, ಬ್ರೆಡ್ಡಿನ ಮೇಲೆ ದೋಟಿ, ನನ್ನ ತೊಡೆಯ ಮೇಲೆ ರೇಡಿಯೋ. ಯಲ್ಲಾಪುರದಲ್ಲಿ ಚಾರ್ಜು ಮತ್ತು ಚಹಾ ಮುಗಿಸಿ, ಅರಬೈಲಿನ ಒಂದು ತಿರುವಿನಲ್ಲಿ ರಸ್ತೆ ಬಿಟ್ಟು ವಿಶಾಲ ಜಾಗದಲ್ಲಿ ನಿಂತಾಗ ಹನ್ನೊಂದು ಗಂಟೆ. ದೋಟಿ ಉದ್ದ ಮಾಡಿ, ಬುಡದಿಂದ ತುದಿಯವರೆಗೆ ತಂತಿ ಸುತ್ತಿ, ಟೇಪು ಬಿಗಿದು, ಗಾಡಿಯ ಹಿಂಬದಿಗೆ ಕಟ್ಟಿ ನಿಲ್ಲಿಸಿದೆ. ಗಾಡಿ ಆಫ್. ಜೀರುಂಡೆ ಬಂದ್. ಮೈಕು ಹಿಡಿದು, ಪರವಾನಗಿಯ ಜೊತೆ ಬಂದ ನನ್ನ ಕರೆಗುರುತು ಹೇಳಿ, ಭಾವನನ್ನು ಕೂಗಿದೆ.

ಭಾವನ ದನಿ ಬಂತು. ತೆಳ್ಳಗೆ, ನೀರಿನಾಚೆಯಿಂದ ಬಂದ ಹಾಗೆ, ಆದರೆ ಬಂತು. "ತಮಾ, ಆನು ಕೂಗ್ತಾ ಇದ್ದೆ. ನಿಂದು ಎಂತದೂ ಕೇಳ್ತಾ ಇಲ್ಲೆ. ಇದ್ರೆ ಮಾತಾಡು."

"ಇದ್ದೆ ಭಾವ! ಇಲ್ಲೇ ಇದ್ದೆ!" ಎಂದು ಘಟ್ಟದ ಮಂಗಗಳು ಓಡುವ ಹಾಗೆ ಕಿರುಚಿದೆ. ಕಿರುಚಿದರೆ ಅಲೆ ಗಟ್ಟಿಯಾಗುವುದಿಲ್ಲ ಎಂಬುದೂ ಆ ಪರೀಕ್ಷೆಯಲ್ಲಿತ್ತು.

"ಇಲ್ಲೆ ತಮಾ. ಕೇಳ್ತಾ ಇಲ್ಲೆ."

ಹನ್ನೊಂದೂವರೆಗೂ ಅದೇ. ಹನ್ನೆರಡಕ್ಕೂ ಅದೇ. ನಾವು ಕೇಳುತ್ತಿದ್ದೆವು, ಅವರಿಗೆ ಕೇಳುತ್ತಿರಲಿಲ್ಲ. ಇದರ ನಡುವೆ ಒಂದು ಸಲ ಭಾವನ ಮೈಕಿನ ಹಿಂದೆ ಇನ್ನೊಂದು ದನಿ ಬಂತು. "ಬಂದನಾ ಮಾಸ್ಟರ್? ಏನಾದ್ರೂ ಬಂತಾ?" ಭಾವ ಏನೋ ಹೇಳಿದರು. "ಪರವಾಗಿಲ್ಲ, ಕೂತಿರ್ತೀನಿ" ಅಂದಿತು ಆ ದನಿ. ಇಮ್ತಿಯಾಜ ರೇಡಿಯೋದ ಕಡೆ ಬಾಗಿ, ಮೈಕನ್ನೂ ಮರೆತು, "ಅಮ್ಮಿ" ಅಂದ. ಮಳೆಗಾಲದ ಆ ದಿನ ಅಮ್ಮಿ ಮೆಟ್ಟಿಲ ಮೇಲೆ ಹೇಗೆ ಕೂತಿದ್ದರೆಂದು ನಾನು ಎಷ್ಟು ವರ್ಣಿಸಿದ್ದರೂ ಅವನಿಗೆ ತಿಳಿದಿರಲಿಲ್ಲ. ಈಗ ಕೇಳಿಸಿಕೊಂಡ. ಮುಖ ಆಚೆ ತಿರುಗಿಸಿ ಕೆಳಗಿನ ಕಾಡು ನೋಡಿದ.

ನಾನು ಹಟ ಹಿಡಿದು ಕೂಗಿದೆ. ಕೂಗಿ ಕೂಗಿ, ಹನ್ನೆರಡೂಕಾಲಿಗೆ ರೇಡಿಯೋದ ದೀಪ ಮಂಕಾಗಿ, ಎರಡು ಸಲ ಮಿಟುಕಿ, ಆರಿತು. ಗಾಡಿ ಆಫ್ ಇದ್ದುದರಿಂದ ಪುಟ್ಟ ಬ್ಯಾಟರಿಗೆ ದೊಡ್ಡದು ಉಣಿಸುತ್ತಿರಲಿಲ್ಲ. ನಾನು ಇದ್ದಷ್ಟನ್ನೂ ಕುಡಿಸಿ ಮುಗಿಸಿದ್ದೆ. ಇಮ್ತಿಯಾಜ ಗಾಡಿ ಆನ್ ಮಾಡಲು ಹೋದ. ಗಾಡಿ ಏಳಲಿಲ್ಲ. ದೊಡ್ಡ ಬ್ಯಾಟರಿಯನ್ನು ಎಬ್ಬಿಸುವ ಕೆಲಸವೂ ಪುಟ್ಟದರದ್ದೇ ಎಂಬ ಸತ್ಯ ನನಗೆ ಆ ತಿರುವಿನಲ್ಲಿ ತಿಳಿಯಿತು. ಯಲ್ಲಾಪುರಕ್ಕೆ ನಾಲ್ಕು ಸಲ ಹೋಗಿ ಬರುವಷ್ಟು ಶಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಾಡಿ ಕುಂಭಕರ್ಣನ ಹಾಗೆ ಮಲಗಿತ್ತು.

ಪರಿಸ್ಥಿತಿಯನ್ನು ಅವಲೋಕಿಸಿ. ಘಟ್ಟದಲ್ಲಿ ಗಾಡಿ ಕೆಟ್ಟು, ಸಿಗ್ನಲ್ಲಿಲ್ಲದೆ, ತಾಯಿಗೆ ಸುದ್ದಿ ಮುಟ್ಟದೆ ಮಗ ಕೂರಬಾರದು ಎಂದು ರೇಡಿಯೋ ಹಾಕಿದ್ದು. ಆ ರೇಡಿಯೋದಿಂದಲೇ ಘಟ್ಟದಲ್ಲಿ ಗಾಡಿ ಕೆಟ್ಟು, ಸಿಗ್ನಲ್ಲಿಲ್ಲದೆ, ತಾಯಿಗೆ ಸುದ್ದಿ ಮುಟ್ಟದೆ ಮಗ ಕೂತಿದ್ದ. ಇಷ್ಟು ಪರಿಪೂರ್ಣವಾದ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

"ಬೈಯಿ ಮಾರಾಯಾ, ಒಂದ್ಸಲ ಬೈದುಬಿಡು" ಎಂದೆ.

"ಬೈಯೋಕೆ ಪುರುಸೊತ್ತಿಲ್ಲ ಯಾರ್. ಟೈಮ್ ಎಷ್ಟಾಯ್ತು?" ಅಂದ.

ತಿಮ್ಮಣ್ಣ ಮಾತ್ರ ಕವಳ ಉಗಿದು, ರಸ್ತೆ ಮಧ್ಯ ನಿಂತು, ಅಂಕೋಲೆಯ ಕಡೆಯಿಂದ ಬರುತ್ತಿದ್ದ ಒಂದು ಹಳೆಯ ಜೀಪಿಗೆ ಕೈ ಅಡ್ಡ ಹಾಕಿದ. ಜೀಪಿನವನು ಹುಬ್ಬಳ್ಳಿ ಕಡೆಯವನು. ಇಳಿದು, ನಮ್ಮ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ರಿ ಇದು, ಕರೆಂಟ್ ಗಾಡಿಗೆ ನನ್ನ ಡೀಸೆಲ್ ಗಾಡಿಯಿಂದ ಕರೆಂಟ್ ಕೊಡಬೇಕೇನ್ರಿ? ತಡೀರಿ, ಫೋಟೋ ತಗೋತೀನಿ." ತೆಗೆದುಕೊಂಡ. ಆ ಫೋಟೋದಲ್ಲಿ ನಾನು ದೋಟಿಗೆ ಒರಗಿ ವಿಜ್ಞಾನಿಯ ಹಾಗೆ ನಿಂತಿದ್ದೇನೆ. ಆಮೇಲೆ ಅವನೇ ತನ್ನ ಬ್ಯಾಟರಿಯಿಂದ ನಮ್ಮ ಪುಟ್ಟದಕ್ಕೆ ಎರಡು ತಂತಿ ಜೋಡಿಸಿದ. ಗಾಡಿ ಟಣ್ ಎಂದು ಎದ್ದಿತು. ನಾನು ಜೀಪಿಗೆ ನಮಸ್ಕಾರ ಮಾಡಿದೆ, ಜೀಪಿನವನಿಗೆ ಆಮೇಲೆ. ಇಮ್ತಿಯಾಜ ಅವನ ಕೈಗೆ ಎರಡು ಪೌಂಡ್ ಬ್ರೆಡ್ಡು ತುರುಕಿದ.

ಒಂದು ಗಂಟೆ ಹೊಡೆದಿತ್ತು. ದೊಡ್ಡದು ಪುಟ್ಟದಕ್ಕೆ ಸ್ವಲ್ಪ ಉಣಿಸಲೆಂದು ಗಾಡಿಯನ್ನು ಆನ್ ಇಟ್ಟೆವು. ಅಷ್ಟರಲ್ಲಿ ನನಗೆ ಹೊಸ ಜ್ಞಾನೋದಯ: ತಪ್ಪು ಗುಡ್ಡದ್ದು, ಗುಡ್ಡ ಅಡ್ಡ ಬರುತ್ತಿದೆ, ರಸ್ತೆಯ ಆಚೆ ಬದಿ ಎತ್ತರವಾಗಿದೆ, ಅಲ್ಲಿ ನಿಂತರೆ ಆದೀತು. ದೋಟಿಯನ್ನು ಬಿಚ್ಚಿ, ನಿಂತ ಭಂಗಿಯಲ್ಲೇ ಹಿಡಿದು, ತೇರಿನ ಮುಂದೆ ಹೋಗುವವನ ಗತ್ತಿನಲ್ಲಿ ಆಚೆ ಹೊರಟೆ.

"ಭಟ್ರೇ!"

ಮೂವತ್ತು ವರ್ಷ ತೋಟದಿಂದ ತೋಟಕ್ಕೆ ಕೂಗಿ ಮಾತಾಡಿದವನ ಕೂಗು ಅದು. ನಾನು ನಿಂತೆ. ತಿಮ್ಮಣ್ಣ ಓಡಿಬಂದು ದೋಟಿಯನ್ನು ನನ್ನ ಕೈಯಿಂದ ಕಸಿದು, ನೆಲಕ್ಕೆ ಮಲಗಿಸಿದ. "ಮ್ಯಾಲ್ ನೋಡ್ರಿ. ಲೈನ್ ಅದೆ!"

ಮೇಲೆ, ಎಲೆಗಳ ನಡುವೆ, ಕರೆಂಟಿನ ಲೈನು ಹಾದುಹೋಗಿತ್ತು. ನಾನು ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಈ ಪ್ರಬಂಧವನ್ನು ಬೇರೆಯವರು, ಬಹಳ ಚುಟುಕಾಗಿ, ನನ್ನ ಫೋಟೋದ ಕೆಳಗೆ ಬರೆಯಬೇಕಾಗುತ್ತಿತ್ತು.

"ಈ ಕಪ್ಪು ದೋಟೀಲಿ ಕರೆಂಟ್ ಹಾಯ್ತದೆ. ಬಿದಿರಿಂದಲ್ಲ ಇದು. ಬುಡದಲ್ಲಿ ಹಳದಿ ಚೀಟಿ ಅಂಟ್ಸಿದಾರೆ, ನೀವು ಓದಿದವ್ರು, ಓದಿಲ್ವಾ?"

ಬುಡ ನೋಡಿದೆ. ಹಳದಿ ಚೀಟಿ ಕಾಣಲಿಲ್ಲ, ಯಾಕೆಂದರೆ ಅದರ ಮೇಲೇ ನಾನು ಟೇಪು ಸುತ್ತಿದ್ದೆ. ಟೇಪು ಕಿತ್ತೆ. ಮಿಂಚಿನ ಗುರುತು, ಕೆಳಗೆ ಎಚ್ಚರಿಕೆ. ತಲೆಯಲ್ಲಿ ಒಂದು ದೀಪ ಹತ್ತಿತು. ಕಾರ್ಬನ್ನಿನಲ್ಲಿ ವಿದ್ಯುತ್ತು ಹರಿಯುತ್ತದೆ! ಹರಿಯುವ ವಸ್ತುವಿಗೇ ತಂತಿ ಸುತ್ತಿ, ನನ್ನ ಮಾತನ್ನೆಲ್ಲ ಬೆಳಗಿನಿಂದ ಆ ದೋಟಿಯೇ ನುಂಗುವಂತೆ ಮಾಡಿದ್ದೆ. ಆಕಾಶಕ್ಕೆ ಒಂದಕ್ಷರವೂ ಹೋಗಿರಲಿಲ್ಲ. ಎರಡೂ ಸಲ ಪೂರ್ಣ ಅಂಕ ಪಡೆದ ಪ್ರಶ್ನೆ ಅದು. ಪರೀಕ್ಷೆ ಬರೆಯದ ತಿಮ್ಮಣ್ಣನಿಗೆ ದಿನಾ ಲೈನಿನ ಪಕ್ಕ ದೋಟಿ ಎತ್ತಿ ಉತ್ತರ ಗೊತ್ತಿತ್ತು; ನನಗೆ ಕಾಗದದ ಮೇಲೆ ಮಾತ್ರ ಗೊತ್ತಿತ್ತು.

"ತಿಮ್ಮಣ್ಣ, ತಂತಿಯನ್ನ ಎತ್ತರಕ್ಕೆ ಕಟ್ಟಬೇಕು. ದೋಟಿ ಬ್ಯಾಡ. ಬೇರೆ ಎಂತಾದ್ರೂ..."

ತಿಮ್ಮಣ್ಣ ಲೈನಿನಿಂದ ದೂರ, ಗಾಡಿಯ ಈಚೆ ಬದಿಗಿದ್ದ ಒಂದು ನೆಟ್ಟನೆಯ ಮತ್ತಿ ಮರವನ್ನು ಮೇಲಿನಿಂದ ಕೆಳಗೆ ನೋಡಿದ. "ದೋಟಿ ಬಂದ ಮ್ಯಾಲೆ ಮರ ಹತ್ತೂದು ಬಿಟ್ಟಿದ್ದೆ" ಅಂದ, ಸ್ವಲ್ಪ ನಾಚಿಕೊಂಡು. ಬ್ರೆಡ್ಡಿನ ಟ್ರೇ ಕಟ್ಟಿದ್ದ ಹಗ್ಗ ಬಿಚ್ಚಿ, ಎರಡೂ ಪಾದ ಸೇರಿಸಿ ಕಟ್ಟುವ ತಳೆ ಮಾಡಿದ. ಇನ್ನೊಂದು ತುಂಡನ್ನೂ ತಂತಿಯ ತುದಿಯನ್ನೂ ಸೊಂಟಕ್ಕೆ ಸಿಕ್ಕಿಸಿದ. ಆಮೇಲೆ ಆದದ್ದನ್ನು ಹತ್ತಿದ ಎಂದು ಹೇಳುವುದು ಕಡಿಮೆಯಾಯಿತು. ಮರವೇ ಅವನನ್ನು ಎಳೆದುಕೊಂಡಿತು. ಐವತ್ತೈದು ದಾಟಿದವನು ಕ್ಷಣದಲ್ಲಿ ಎಲೆಗಳ ನಡುವೆ ಸೇರಿ, ಮೇಲಿನಿಂದ ಕೇಳಿದ: "ಇಲ್ಲಿ ಸಾಕನ್ರಿ, ಇನ್ನೂ ಮ್ಯಾಲೆ ಹೋಗ್ಬೇಕ?"

"ಸಾಕು, ಸಾಕು!"

"ಹೋಗ್ಬೋದು ಮತ್ತೆ. ಮೈ ಹಗೂರ ಅದೆ."

ತಂತಿ ಕೊಂಬೆಯಿಂದ ಗಾಡಿಗೆ ಓರೆಯಾಗಿ ಇಳಿಯಿತು, ಒದ್ದೆ ಬಟ್ಟೆ ಹರವುವ ಹಗ್ಗದ ಹಾಗೆ. ಒಂದೂ ಇಪ್ಪತ್ತು. ಗಾಡಿ ಆಫ್. ಮೈಕನ್ನು ಇಮ್ತಿಯಾಜನ ಕೈಗೆ ಕೊಟ್ಟೆ. ನನ್ನ ಕೈಯ ಮೇಲೆ ಆಗ ನನಗೇ ನಂಬಿಕೆ ಇರಲಿಲ್ಲ. ಅವನು ತನ್ನ ಕರೆಗುರುತು ಹೇಳಿದ, ಭಾವನದ್ದು ಹೇಳಿದ, ಆಮೇಲೆ, "ಮಾಸ್ಟರ್, ಕೇಳ್ತದಾ?" ಅಂದು ಮೈಕಿನ ಗುಂಡಿ ಬಿಟ್ಟ.

ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಭಾವ, ಇಪ್ಪತ್ತೈದು ವರ್ಷ ತರಗತಿಯಲ್ಲಿ ಯಾರೂ ಕೇಳದ ದನಿಯಲ್ಲಿ: "ಬಂತು! ಬಂತು ಮಾರಾಯಾ! ಚಲೋ ಬಂತು! ಅಮ್ಮಿ, ಬನ್ನಿ, ನಿಮ್ಮ ಹುಡುಗ!"

ಅಮ್ಮಿಗೆ ಹೇಳಲು ಎಷ್ಟು ವಿಷಯ ಇದ್ದಿರಬೇಕು! ಎರಡು ಗಂಟೆ ಕಾದದ್ದು, ಮಳೆಗಾಲದ ಆ ದಿನ, ಎಲ್ಲ. ಭಾವ ಹಿಡಿದ ಮೈಕಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಏನಾದ್ರೂ ತಿಂದ್ಯೇನೋ?"

"ಟೋಸ್ಟ್ ತಿಂದೆ ಅಮ್ಮಿ."

"ಬರೀ ಟೋಸ್ಟಾ?"

"ಎರಡು ತಿಂದೆ."

ನನಗೆ ನಗುವೂ ಬಂತು, ಕಣ್ಣಲ್ಲಿ ಇನ್ನೇನೋ ಬಂತು. ಘಟ್ಟದ ಧೂಳೆಂದು ಇಟ್ಟುಕೊಳ್ಳೋಣ. ಅಷ್ಟೆತ್ತರ ಹೋಗಿ, ಆಕಾಶಕ್ಕೆ ಬಡಿದು, ಮೂರು ತಾಲೂಕಿನ ಗುಡ್ಡ ದಾಟಿ ಬಂದದ್ದು ಎರಡು ಟೋಸ್ಟಿನ ಸುದ್ದಿ. ಆದರೆ ಅವರಿಬ್ಬರ ದನಿಯಿಂದ ಒಂದು ಮಣ ಭಾರ ಇಳಿದದ್ದು ತಿಮ್ಮಣ್ಣನಿಗೂ ಕೇಳಿಸಿತು. ಅವನು ಮರದ ಮೇಲೇ ಕೂತು ಹೊಸ ಕವಳ ಹಾಕಿಕೊಂಡ.

"ಸರಿ, ಹೋಗು" ಅಂದರು ಅಮ್ಮಿ. "ದಿನಾ ಹೋಗು. ದಿನಾ ಮಾತಾಡು. ಮತ್ತೆ ಅವನಿಗೆ ಹೇಳು, ಗಾಡಿಗೆ ಇನ್ನೊಂದು ತೂತು ಹೊಡೆದ್ರೆ ಮನೆಗೆ ಬರೋದು ಬೇಡ ಅಂತ." ದೋಟಿ, ಬ್ಯಾಟರಿ, ಲೈನು, ಜೀಪು ಯಾವುದೂ ಅವರಿಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ. ನೀವು ಸಿರ್ಸಿಯ ಕಡೆ ಹೋದರೆ ದಯವಿಟ್ಟು ಹೇಳಬೇಡಿ.

ಆಮೇಲೆ ಮಾತು ಮುಗಿಸುವ ಹೊತ್ತು ಬಂತು. ಹ್ಯಾಮಿನವರಲ್ಲಿ ಅದಕ್ಕೊಂದು ಶಿಸ್ತಿದೆ. ಶುಭಾಶಯ ಹೇಳಿ, ಕರೆಗುರುತು ಹೇಳಿ, ಮುಗಿಸುವುದು. ನಲವತ್ತು ವರ್ಷದಿಂದ ಹ್ಯಾಮ್ ಆಗಿರುವ ಶ್ರೀಪಾದ ಭಾವ ಎಲ್ಲ ಕ್ರಮವಾಗಿ ಹೇಳಿ, ಕೊನೆಯಲ್ಲಿ, ಕೆಳಗಿಡಲು ರಿಸೀವರೇ ಇಲ್ಲದ ಆ ಯಂತ್ರದಲ್ಲಿ ಅಂದರು: "ಇಡ್ತೆ ಹಂಗಾರೆ."

"ಇಡಿ ಮಾಸ್ಟರ್" ಅಂದ ಇಮ್ತಿಯಾಜ.

ಒಂದು ಉಸಿರಿನಷ್ಟು ಮೌನ. ಹಿಂದಿನಿಂದ ಅಮ್ಮಿಯ ದನಿ: "ಇಟ್ನಾ?"

"ಇಲ್ಲ ಅಮ್ಮಿ, ಇದೀನಿ."

ಪುಟ್ಟ ಬ್ಯಾಟರಿಯ ಬಲ ತೋರಿಸುವ ಮುಳ್ಳು ಕೆಳಗಿಳಿಯುವುದನ್ನು ನೋಡುತ್ತ ನಾನು ಕೈಸನ್ನೆ ಮಾಡಿದೆ, ಹಲ್ಲು ಕಡಿದೆ, ಕೈ ಮುಗಿದೆ. ಅವರು ಇಡಲಿಲ್ಲ. ಮಾತು ಮುಗಿದು ಇಡುವುದೊಂದೇ ಬಾಕಿ ಇರುವ ನಿಮಿಷದಲ್ಲಿ ಇಬ್ಬರಿಗೂ ಗೊತ್ತಿರುತ್ತದೆ, ಆಚೆ ತುದಿಯಲ್ಲಿ ಒಬ್ಬರು ಇದ್ದಾರೆ ಎಂದು. ಆ ನಿಮಿಷವನ್ನು ಯಾರು ತಾವಾಗಿ ಮುಗಿಸುತ್ತಾರೆ? ನಾನು ಸನ್ನೆ ನಿಲ್ಲಿಸಿ, ಗಾಡಿಯ ಮೆಟ್ಟಿಲ ಮೇಲೆ ಕೂತು, ಒಂದು ಟೋಸ್ಟು ತೆಗೆದು ಕಡಿದೆ.

ಈಗ ಗಾಡಿ ದಿನಾ ಅರಬೈಲು ಇಳಿಯುತ್ತದೆ. ತಿಮ್ಮಣ್ಣ ಅಂದು ಇಳಿಯುವ ಮುಂಚೆ ಕೊಂಬೆಯ ಮೇಲಿನಿಂದ ಒಂದು ಹಗ್ಗ ಹಾಯಿಸಿ ಇಳಿಬಿಟ್ಟಿದ್ದ. ಇಮ್ತಿಯಾಜ ಬಾವಿಯಿಂದ ನೀರು ಸೇದುವ ಹಾಗೆ ತಂತಿಯನ್ನು ಮೇಲಕ್ಕೆ ಸೇದಿ ಮಾತಾಡುತ್ತಾನೆ. ಮಾತಿಗೆ ಹತ್ತು ನಿಮಿಷ, ಅದರಲ್ಲಿ ಸಮಾರೋಪಕ್ಕೆ ಎಂಟು. ದೋಟಿ ತ್ಯಾಗಲಿಗೆ ಮರಳಿ, ಅಡಿಕೆ ಮಾತ್ರ ಕೊಯ್ಯುತ್ತಿದೆ.

ಮೊನ್ನೆ ಬೆಳಿಗ್ಗೆ ತ್ಯಾಗಲಿಯ ಅತ್ತೆ ಫೋನು ಮಾಡಿದ್ದಳು. ವಿಷಯ ಮುಗಿಯಿತು. "ಇಡ್ತೆ ಹಂಗಾರೆ" ಅಂದಳು. "ಅಡ್ಡಿಲ್ಲೆ, ಇಡು" ಅಂದೆ. ಒಳಗಿನಿಂದ ದೋಸೆಯ ವಾಸನೆ ಬರುತ್ತಿತ್ತು, ಹಲ್ಲುಜ್ಜಿರಲಿಲ್ಲ. ಫೋನನ್ನು ಕಿಟಕಿಯ ಮೇಲಿಡದೆ, ಕಿವಿಗೇ ಹಿಡಿದು ನಿಂತೆ.

"ಇಟ್ಯನ?" ಅಂದಳು ಅತ್ತೆ.

"ಇಲ್ಲೆ ಅತ್ತೆ, ಇದ್ದೆ."